ನೈಫ್

ಮಿನ್ನೆಸೋಟಾದ ಈ ಊರಲ್ಲಿ ಗಾಳಿ
ಹಂದಿ ಕಾರ್ಖಾನೆಯ ಕಡೆಯಿಂದ ಬೀಸುತ್ತದೆ.
ಮೊದಲ ವರ್ಷ ಮೂಗು ಮುಚ್ಚಿಕೊಂಡೆ.
ಇದು ಹದಿನಾಲ್ಕನೆಯದು. ಈಗ ಅದು ಬರಿಯ ಗಾಳಿ.

ಕೋಣೆ ಏಳು. ಹಿಂದೆ ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ.
ಅರ್ಧಚಂದ್ರದ ಮೇಜು; ಒಳಬಾಗಿನಲ್ಲಿ ನಾನು,
ಸುತ್ತ ಎರಡನೇ ತರಗತಿಯ ಐವರು:
ಸ್ಪ್ಯಾನಿಶ್ ಕೂಡ ಪರಭಾಷೆಯೇ ಆದ ಒಟೋನಿಯೆಲ್,
(ಮನೆಯಲ್ಲಿ ಅವರದು ಮಾಮ್, ಗ್ವಾಟೆಮಾಲಾದ ಬೆಟ್ಟದ ಮಾತು)
ಒಂದೇ ಜೊತೆ ಕೈಗವಸಿಗೆ ಜಗಳಾಡುವ ಅವಳಿಗಳು
ಲೆಲ್ಲಿಸೆ, ಕೆನ್ನಾ;
ಪೆನ್ಸಿಲಿನ ಹಿಂಬದಿ ತಿನ್ನುವ ಬೂನ್‌ಮಿ;
ಕಿಟಕಿ ಪಕ್ಕ, ಕೋಟು ಬಿಚ್ಚದ ಹ್ಸೆರ್ ವಾ.

ಸೆಪ್ಟೆಂಬರಿನಿಂದ ಹಾಜರಿಯಲ್ಲಿ 'ಹ-ಸೆರ್' ಎಂದೇ ಕೂಗಿದೆ.
ಕೈ ಎತ್ತುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ.
ಡಿಸೆಂಬರಿನಲ್ಲಿ ಆಫೀಸಿನಿಂದ ತಿದ್ದಿದರು: ಆ ಎಚ್‌ಗೆ ಸದ್ದಿಲ್ಲ.
ಅಂದಿನಿಂದ 'ಸೆರ್'.
ಆಗಲೂ ಬರಿ ಕೈ.
ಅವಳ ಕಡತದಲ್ಲಿ 'ಮೌನದ ಅವಧಿ' ಎಂದು ನಾನೇ ಬರೆದೆ,
ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ.

ಜನವರಿ. ಹೊರಗೆ ಸೊನ್ನೆಗೆ ಇಪ್ಪತ್ತು ಕೆಳಗೆ,
ಆಟಕ್ಕೆ ಬಿಡುವಂತಿಲ್ಲ.
ಅಂದಿನ ಪಾಠ: ಬರೆಯುವುದುಂಟು, ನುಡಿಯುವುದಿಲ್ಲ.
ಚಿತ್ರ ಎತ್ತಿ ಹಿಡಿದೆ. ಚಾಕು.

ಕಪ್ಪೆಗೆ, ಹಡಗಿಗೆ ತಡವರಿಸುವವರು
'ನೈಫ್! ನೈಫ್!' ಎಂದು ಮೇಜು ಗುದ್ದಿದರು.
ಅಪ್ಪನ ಹತ್ರ ಮೂರಿವೆ, ಎಂದ ಒಟೋನಿಯೆಲ್,
ಒಂದು ಬಾಗಿರತ್ತೆ, ಮೂಳೆಗೆ.
ಬೆಳಿಗ್ಗೆ ಅಪ್ಪನ ಬೆರಳು ಬಿಚ್ಚೋದೇ ಇಲ್ಲ, ಮಿಸ್,
ಅಮ್ಮ ಬಿಸಿನೀರಲ್ಲಿ ಅದ್ದಿ
ಒಂದೊಂದಾಗಿ ತೆಗೀತಾಳೆ.

ಬರೆಯಿರಿ, ಅಂದೆ. ಅದಕ್ಕಿಂತ ಬೇರೇನು ಅನ್ನಲಿ.
ಬರೆದರು: ಎನ್, ಐ, ಎಫ್.
ಕಿವಿ ಕೇಳಿದ್ದಕ್ಕೆ ಕೈ ಸುಳ್ಳಾಡಲಿಲ್ಲ.
ನಾನು ಹಸಿರು ಪೆನ್ನಿನಲ್ಲಿ ಮುಂದೊಂದು ಕೆ ನಿಲ್ಲಿಸಿದೆ.

'ಇದು ಏನನ್ನತ್ತೆ?' ಕೆನ್ನಾ.
ಏನೂ ಇಲ್ಲ.
'ಮತ್ತೆ ಯಾಕಿದೆ?'
'ಸತ್ತಿದೆಯಾ?' ಎಂದ ಬೂನ್‌ಮಿ, ಬಾಯಿಂದ ಪೆನ್ಸಿಲು ತೆಗೆದು.

ಹದಿನಾಲ್ಕು ವರ್ಷ 'ಇಂಗ್ಲಿಷು ಹಾಗೇ' ಎಂದು ತೇಲಿಸಿದವಳು
ಅಂದೇಕೋ ನಿಂತೆ.
ನಮ್ಮಜ್ಜಿ ಇಂಗೆಬೋರ್ಗ್, ನಾರ್ವೆಯಿಂದ ಬಂದವಳು,
ಮೀನು ಸೀಳುವಾಗ 'ಕ್ನೀವ್ ಕೊಡು' ಎನ್ನುತ್ತಿದ್ದಳು,
ಕ ಎಂಬುದು ಹಲಗೆಗೆ ಬಡಿದ ಹಾಗೆ.
ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.
ಅಡುಗೆಮನೆ ದಾಟಿದರೆ ಮಾತೇ ಇಲ್ಲ ಅವಳಿಗೆ;
ಅಂಗಡಿಯಲ್ಲಿ, ಚರ್ಚಿನಲ್ಲಿ
ಎಲ್ಲರಿಗಿಂತ ಮುಂದೆ ನಿಂತು ಸುಮ್ಮನಿರುತ್ತಿದ್ದಳು.

ಸತ್ತಿಲ್ಲ, ಅಂದೆ. ಹಿಂದೆ ಎಲ್ಲರೂ ನುಡಿಯುತ್ತಿದ್ದರು.
ಕ್ನ, ಕ್ನ, ಎಂದು ನಾಲ್ವರು ಕೆಮ್ಮಿದರು,
ಗಂಟಲಲ್ಲಿ ಮುಳ್ಳು ಸಿಕ್ಕ ಬೆಕ್ಕುಗಳು.
ನಾನೂ ಹುರುಪಿಗೆ ಬಿದ್ದು ಅಂದೆ:
ನೋಡಿ, ಹ್ಸೆರ್ ವಾ ಹೆಸರಿನ ಎಚ್ ಇಲ್ಲವೇ, ಹಾಗೆಯೇ ಇದು.

'ಅಲ್ಲ.'

ಯಾರ ದನಿ ಎಂದು ಹುಡುಕಬೇಕಾಯಿತು.
ಅವಳು ಬಗ್ಗಿ, ನನ್ನ ಕೈ ಎಳೆದುಕೊಂಡು, ಅಂಗಾತ ಮಾಡಿ
ತನ್ನ ಬಾಯೆದುರು ಹಿಡಿದಳು.
ತನ್ನ ಹೆಸರು ಹೇಳಿದಳು.

ಸಕಾರದ ಬೆನ್ನಿಗೆ ಒಂದು ಬಿಸಿ,
ಅಂಗೈ ನಡುವೆ, ಕಾಸಿನಗಲ.
ಅಲ್ಪಪ್ರಾಣವೆಂದು ನಾನು ಕೂಗುತ್ತ ಬಂದದ್ದು
ಮಹಾಪ್ರಾಣ.

'ಈಗ ನೀವು.'
ಹೇಳಿದೆ. ತಲೆಯಾಡಿಸಿದಳು, ಇಲ್ಲ.
ಇನ್ನೊಮ್ಮೆ. ಇಲ್ಲ.
ನನ್ನ ಅಂಗೈಯನ್ನು ನನ್ನ ಬಾಯಿಗೇ ತಂದಿಟ್ಟಳು:
ಸೋಲುವುದು ನನಗೇ ತಾಗಲಿ ಎಂದಿರಬೇಕು.

ಗಂಟೆ ಬಾರಿಸಿತು. ಅವಳಿಗಳು ಕೈಗವಸಿಗೆ ಮತ್ತೆ ಶುರು.
ಒಟೋನಿಯೆಲ್ ಹಾಳೆ ಕೊಟ್ಟು ಓಡಿದ;
ಅದರಲ್ಲೊಂದು ಕೆ, ಉಳಿದ ಮೂರಕ್ಕಿಂತ ಎತ್ತರ,
ಬಾಗಿಲಲ್ಲಿ ನಿಂತ ಅಪ್ಪನಂತೆ.

ಕೊನೆಯಲ್ಲೊಂದು ಇ ಇದೆ, ಅದಕ್ಕೂ ಸದ್ದಿಲ್ಲ,
ಇನ್ನೂ ಹೇಳಿಲ್ಲ ಅವರಿಗೆ.